ಗುಣವಾಯಿತೆಂದು ಬರೆದ ಕೈ

ಜನವರಿ 6

ತಮ್ಮಾ,

ನಾಲ್ಕು ವರ್ಷ ಮಾತಿಲ್ಲ, ಕತೆಯಿಲ್ಲ. ಈಗ ಲಕೋಟೆ ಬಂತಲ್ಲ ಅಂತ ಆಸೆಯಿಂದ ಒಡೆದು ನೋಡಿದರೆ ಒಳಗೆ ಅರವತ್ತೆರಡು ಪ್ರಶ್ನೆ! "ಅಕ್ಕಾ, ಹೇಗಿದ್ದೀಯ" ಅನ್ನುವುದೇ ಇಪ್ಪತ್ತೊಂಬತ್ತನೆಯದು. ನನ್ನ ಬೆರಳು ಊದಿರುವ ಸುದ್ದಿಯನ್ನು ಚಿಕ್ಕಮ್ಮ ನಿನಗೆ ಮುಟ್ಟಿಸಿದ್ದಾಳೆ ಅಂತ ಗೊತ್ತಾಯಿತು. ಅವಳ ಹೊಟ್ಟೆಯಲ್ಲಿ ಯಾವ ಮಾತು ತಾನೇ ನಿಂತಿದೆ!

ಫೋನು ಮಾಡಿ ಹೇಳೋಣವೆಂದರೆ ಅದೂ ಕೂಡದಂತೆ. ರೋಗಿಯೇ ಕೂತು ಬರೆದು ಕಳಿಸಬೇಕಂತೆ. ಬಾಯಿ ಸುಳ್ಳು ಹೇಳಬಹುದು, ಬರೆಯುವ ಕೈ ಹೇಳುವುದಿಲ್ಲ ಅನ್ನುವುದು ನಿನ್ನ ಕ್ಲಿನಿಕ್ಕಿನ ನಿಯಮವಂತೆ. ಸಂಧಿವಾತ ಹಿಡಿದವಳ ಕೈಗೆ ಪೆನ್ನು ಕೊಟ್ಟು ಅರವತ್ತೆರಡು ಉತ್ತರ ಬರೆಸುವ ಡಾಕ್ಟರನ್ನು ನಾನು ನೋಡಿದ್ದು ಇದೇ ಮೊದಲು. ಇರಲಿ, ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಅದನ್ನೂ ರೋಗದ ಲಕ್ಷಣ ಅಂತ ಸೇರಿಸಿಕೊ.

ಬೆಳಿಗ್ಗೆ ಎದ್ದಾಗ ಎರಡೂ ಕೈಯ ಬೆರಳು ಮಡಚಲು ಬರುವುದಿಲ್ಲ. ಒಂದು ಗಂಟೆ ಬಿಸಿನೀರಿನಲ್ಲಿ ಅದ್ದಿಕೊಂಡು ಕೂತರೆ ಬಾಗಿಲ ಚಿಲಕ ತೆಗೆಯುವಷ್ಟು ಆಗುತ್ತದೆ. ನನ್ನ ಕೆಲಸ ನಿನಗೆ ಗೊತ್ತೇ ಇದೆ. ಗ್ರಂಥಾಲಯದ ರಿಪೇರಿ ಕೋಣೆಯಲ್ಲಿ ಹರಿದ ಪುಸ್ತಕ ಬಿಚ್ಚಬೇಕು, ಹಾಳೆಯ ಕಂತೆಗಳನ್ನು ಮೇಣ ಸವರಿದ ದಾರದಲ್ಲಿ ಮತ್ತೆ ಹೊಲಿಯಬೇಕು, ರಟ್ಟು ಕಟ್ಟಬೇಕು. ಈಗ ದಬ್ಬಳ ಹಿಡಿದರೆ ಜಾರಿ ಬೀಳುತ್ತದೆ. ಮೊನ್ನೆ ಮೇಲ್ವಿಚಾರಕ ಬಂದು, "ನೀವಿನ್ನು ಚೀಟಿ ಅಂಟಿಸಿಕೊಂಡಿರಿ, ಹೊಲಿಗೆ ಬೇರೆಯವರು ನೋಡ್ಕೋತಾರೆ" ಅಂದ. ಇಪ್ಪತ್ತಾರು ವರ್ಷ ಪುಸ್ತಕ ಹೊಲಿದ ಕೈಗೆ ಚೀಟಿ ಅಂಟಿಸುವ ಕೆಲಸ! ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಗೆ ತೋರಿಸಿದ್ದೇನೆ. ವಾರಕ್ಕೊಂದು ಸಲ ನುಂಗುವ ಮಾತ್ರೆ ಕೊಟ್ಟಿದ್ದಾರೆ, ಶುರುಮಾಡಿ ಒಂದು ತಿಂಗಳಾಯಿತು. ಗುಣ ಕಾಣಲು ಎರಡು ಮೂರು ತಿಂಗಳು ಬೇಕಂತೆ. ಡಾಕ್ಟರಮ್ಮ ನನ್ನನ್ನು ನೋಡಿದ್ದು ಮೂರೇ ನಿಮಿಷ. ಅದರಲ್ಲಿ ಎರಡೂವರೆ ನಿಮಿಷ ಕಂಪ್ಯೂಟರನ್ನು ನೋಡಿದರು.

ನಿನ್ನ ಉಳಿದ ಪ್ರಶ್ನೆಗಳು. ಕನಸಿನಲ್ಲಿ ಹಾವು ಬರುವುದಿಲ್ಲ, ಮೇಲ್ವಿಚಾರಕ ಬರುತ್ತಾನೆ. ಬಾಯಾರಿಕೆ ಸಾಧಾರಣ. ಅಳುವಾಗ ಯಾರಾದರೂ ಸಮಾಧಾನ ಮಾಡಿದರೆ ಹಿತವೋ, ಸಿಟ್ಟು ಬರುತ್ತದೋ ಅಂತ ಕೇಳಿದ್ದೀಯ. ಸಮಾಧಾನ ಮಾಡಲು ಬಂದವರೇ ಇಲ್ಲ, ಬಂದರೆ ನೋಡಿ ಹೇಳುತ್ತೇನೆ.

ಇನ್ನೊಂದು. ನಾಲ್ಕು ವರ್ಷದ ಹಿಂದೆ ಎಲ್ಲರ ಮುಂದೆ ನಿನ್ನ ಹೋಮಿಯೋಪತಿ ಗುಳಿಗೆ ಬರೀ ಸಕ್ಕರೆ ಅಂತ ಆಡಿಕೊಂಡು ನಿನ್ನನ್ನು "ಸಕ್ಕರೆ ಡಾಕ್ಟರು" ಅಂದು ನಗಿಸಿದ್ದು ನನ್ನ ತಪ್ಪು. ಎಷ್ಟೋ ಸಲ ಬರೆಯಬೇಕೆಂದುಕೊಂಡೆ, ಸೆಟೆದುಕೊಂಡು ಕೂತೆ. ನೀನೇ ಮೊದಲು ಬರೆದೆ. ದೊಡ್ಡವಳು ನಾನು, ದೊಡ್ಡತನ ನಿನ್ನದು.

ಅಕ್ಕ

ಜನವರಿ 19

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ತಮ್ಮನಾಗಿ, ಉಳಿದ ಎರಡು ಸಲ ವೈದ್ಯನಾಗಿ. ತಮ್ಮನಾಗಿ ಓದಿದಾಗ ಕಣ್ಣು ಒದ್ದೆಯಾಯಿತು, ಅದಕ್ಕೆ ನಗಬೇಡ. ಆ ಹಳೆಯ ಮಾತು ಬಿಡು. ನಾನು ಅದನ್ನು ಮರೆತಿದ್ದೇನೆ.

ಈ ಪೊಟ್ಟಣದಲ್ಲಿ ಮೂರು ಬಾಟಲಿ ಇವೆ, ತಿಂಗಳಿಗೊಂದು. ಬೆಳಿಗ್ಗೆ ಮತ್ತು ಸಂಜೆ ನಾಲ್ಕು ನಾಲ್ಕು ಗುಳಿಗೆ. ಕೈಯಿಂದ ಮುಟ್ಟದೆ ಮುಚ್ಚಳಕ್ಕೆ ಸುರಿದುಕೊಂಡು ನಾಲಿಗೆಯ ಮೇಲೆ ಹಾಕಿಕೊ. ಅರ್ಧ ಗಂಟೆ ಹಿಂದೆ ಮುಂದೆ ಏನೂ ತಿನ್ನಬಾರದು. ಕಾಫಿ ಬಿಡಬೇಕು. ನೀನು ಬೈಯುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ, ಆದರೂ ಬಿಡಬೇಕು.

ಮುಖ್ಯವಾದದ್ದು, ಆಸ್ಪತ್ರೆಯ ಮಾತ್ರೆ ನಿಲ್ಲಿಸು. ಅಷ್ಟು ಜೋರಿನ ಮಾತ್ರೆ ಮೈಯಲ್ಲಿದ್ದರೆ ನನ್ನ ಮದ್ದಿಗೆ ದಾರಿ ಸಿಗುವುದಿಲ್ಲ. ಎರಡೂ ಒಟ್ಟಿಗೆ ನಡೆಯುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಅವರು ನೋವನ್ನು ಅದುಮುತ್ತಾರೆ, ನಾವು ಮನುಷ್ಯನನ್ನು ನೋಡುತ್ತೇವೆ. ಮೂರು ನಿಮಿಷ ನೋಡಿದವರಿಗಿಂತ ನಲವತ್ತೇಳು ವರ್ಷದಿಂದ ನಿನ್ನನ್ನು ಬಲ್ಲ ತಮ್ಮನನ್ನು ನಂಬು.

ನಿನ್ನ ತಮ್ಮ

ಫೆಬ್ರವರಿ 3

ತಮ್ಮಾ,

ಪೊಟ್ಟಣ ತಲುಪಿತು. ನೀನು ಹೇಳಿದ ಹಾಗೇ ನಡೆಯುತ್ತಿದೆ. ಕಾಫಿ ಬಿಟ್ಟ ಸಂಕಟ ಮಾತ್ರ ಕೇಳಬೇಡ, ಬೆಳಿಗ್ಗೆ ಹತ್ತರವರೆಗೆ ಯಾರೂ ನನ್ನನ್ನು ಮಾತಾಡಿಸುವ ಹಾಗಿಲ್ಲ. ಇವತ್ತು ಇಷ್ಟೇ, ಕೈ ನೋಯುತ್ತಿದೆ.

ಅಕ್ಕ

ಮಾರ್ಚ್ 1

ಪ್ರೀತಿಯ ಅಕ್ಕನಿಗೆ,

ಒಂದು ತಿಂಗಳಿಂದ ಕಾಗದವಿಲ್ಲ. ನೋವು ಹೆಚ್ಚಾಗಿರಬೇಕು, ನನಗೆ ನೋವಾಗಬಾರದೆಂದು ಮುಚ್ಚಿಡುತ್ತಿದ್ದೀಯ. ಹಾಗಿದ್ದರೆ ಹೆದರಬೇಡ. ಸರಿಯಾದ ಮದ್ದು ಹತ್ತಿದಾಗ ಲಕ್ಷಣಗಳು ಮೊದಲು ಉಲ್ಬಣವಾಗುತ್ತವೆ, ಆಮೇಲೆ ತಾವಾಗಿ ಇಳಿಯುತ್ತವೆ. ಒಳಗಿನ ರೋಗ ಹೊರಗೆ ಬರುವ ದಾರಿ ಅದು. ಉಲ್ಬಣ ಆಯಿತೇ, ಎಷ್ಟು ದಿನ ಇತ್ತು, ಯಾವ ಬೆರಳಿನಿಂದ ಶುರುವಾಯಿತು, ಇಷ್ಟನ್ನು ತಪ್ಪದೆ ಬರೆ.

ಇಲ್ಲಿ ಪರವಾಗಿಲ್ಲ. ಎದುರಿನ ಔಷಧದ ಅಂಗಡಿಯವರು ಮೊನ್ನೆ ಯಾರಿಗೋ ನನ್ನ ಕ್ಲಿನಿಕ್ಕು ತೋರಿಸಿ ನಕ್ಕರು. ರೂಢಿಯಾಗಿದೆ. ಒಬ್ಬ ಅಕ್ಕ ನಂಬಿದ್ದಾಳೆ, ನನಗೆ ಸಾಕು.

ನಿನ್ನ ತಮ್ಮ

ಏಪ್ರಿಲ್ 11

ತಮ್ಮಾ,

ಸಿಹಿಸುದ್ದಿ. ನಿನ್ನೆ ಸಾವಿರದ ಇನ್ನೂರು ಪುಟದ ಒಂದು ನಿಘಂಟು ಹೊಲಿದು ಮುಗಿಸಿದೆ. ಬೆನ್ನಿಗೆ ಬಟ್ಟೆ ಕೂರಿಸಿ, ಅಂಟು ಹಚ್ಚಿ, ಒತ್ತುಯಂತ್ರದ ಚಕ್ರವನ್ನು ನಾನೇ ತಿರುಗಿಸಿದೆ! ಮೇಲ್ವಿಚಾರಕ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದ. "ಚೀಟಿ ಅಂಟಿಸೋಕೆ ಯಾರಾದ್ರೂ ಬೇಕಿದ್ರೆ ನೀವೇ ಬನ್ನಿ ಸಾರ್" ಅಂದೆ. ಇಡೀ ಕೋಣೆ ನಕ್ಕಿತು.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ನೀನು ಹೇಳಿದ ಹಾಗೇ ಮೊದಲು ಹೆಚ್ಚಾಯಿತು. ಬಲಗೈ ತೋರುಬೆರಳಿನಿಂದ ಶುರುವಾಗಿ ಹನ್ನೆರಡು ದಿನ ಇತ್ತು. ಆಮೇಲೆ ತಾನಾಗಿಯೇ ಇಳಿಯಿತು. ಈಗ ಬೆಳಿಗ್ಗೆಯ ಬಿಗಿತ ಹತ್ತೇ ನಿಮಿಷ.

ಔಷಧದ ಅಂಗಡಿಯವರ ನಗುವಿಗೆ ತಲೆ ಕೆಡಿಸಿಕೊಳ್ಳಬೇಡ. ನಿನ್ನಷ್ಟು ಹೊತ್ತು ರೋಗಿಯ ಮಾತು ಕೇಳುವ ತಾಳ್ಮೆ ಅವರ ಏಳು ತಲೆಮಾರಿಗೂ ಇಲ್ಲ.

ಅಕ್ಕ

ಏಪ್ರಿಲ್ 24

ಅಕ್ಕಾ, ಅಕ್ಕಾ!

ನಿನ್ನ ಕಾಗದ ಬಂದಾಗ ಹೊರಗಿನ ಬೆಂಚಿನಲ್ಲಿ ಏಳು ಜನ ಕಾಯುತ್ತಿದ್ದರು. ತಡೆಯಲಾಗಲಿಲ್ಲ, ಅಲ್ಲೇ ನಿಂತು ಜೋರಾಗಿ ಓದಿದೆ. ನಿಘಂಟಿನ ವಿಷಯಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಅದೇ ಒಂದು ರೂಢಿಯಾಗಿಬಿಟ್ಟಿದೆ. ಹೊಸಬರು ಬಂದರೆ ಹಳಬರೇ, "ಡಾಕ್ಟ್ರೇ, ಅಕ್ಕನ ಕಾಗದ ತೆಗೀರಿ" ಅನ್ನುತ್ತಾರೆ. ನಿನ್ನ ಎಲ್ಲ ಕಾಗದಗಳನ್ನೂ ಫೈಲಿನಲ್ಲಿ ಹಾಕಿ ಬೆಂಚಿನ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. "ಸಕ್ಕರೆ ಡಾಕ್ಟರು" ಎಂಬ ಸಾಲನ್ನೂ ಓದುತ್ತಾರೆ, ನಗುತ್ತಾರೆ. ಅದು ಈಗ ನನಗೆ ಚುಚ್ಚುವುದೇ ಇಲ್ಲ!

ಒಬ್ಬರು ಟೈಲರಮ್ಮ ಬರುತ್ತಾರೆ, ಮೂವತ್ತೆಂಟು ವರ್ಷ, ಮುಂದಿನ ರಸ್ತೆಯಲ್ಲಿ ಸ್ವಂತ ಅಂಗಡಿ. ನಿನ್ನದೇ ಕಾಯಿಲೆ, ನಿನ್ನದೇ ವಾರದ ಮಾತ್ರೆ. ಅವರು ನಿನ್ನ ಕಾಗದಗಳನ್ನು ಎಷ್ಟು ಸಲ ಓದಿದ್ದಾರೆಂದರೆ ಈಗ ಬಾಯಿಪಾಠ. ಬೆಂಚಿನಲ್ಲಿ ಓದಿ ಹೇಳುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. "ಸೂಜಿ ಹಿಡಿಯೋರ ಕಷ್ಟ ಸೂಜಿ ಹಿಡಿಯೋರಿಗೇ ಗೊತ್ತು, ಈಯಮ್ಮ ನಮ್ಮೋರು" ಅನ್ನುತ್ತಾರೆ.

ನಿನ್ನ ತಮ್ಮ

ಮೇ 9

ತಮ್ಮಾ,

ನಿನಗೆ ಬರೆದದ್ದನ್ನು ಬೆಂಚಿನವರಿಗೆಲ್ಲ ಓದು ಅಂತ ನಾನು ಹೇಳಿದ್ದೆನೇ? ಮನೆಯ ಕಾಗದವನ್ನು ಮೇಜಿನ ಮೇಲೆ ಹರಡುವುದು ಯಾವ ಪದ್ಧತಿ? ದಯವಿಟ್ಟು ಆ ಫೈಲು ಒಳಗಿಡು.

ಒಬ್ಬರ ಮೈ ಇದ್ದಹಾಗೆ ಇನ್ನೊಬ್ಬರದು ಇರುವುದಿಲ್ಲ. ಆ ಟೈಲರಮ್ಮನಿಗೆ ಆಸ್ಪತ್ರೆಯ ಮಾತ್ರೆ ನಡೆಯುತ್ತಿದ್ದರೆ ನಡೆಯಲಿ, ನೀನು ಅದಕ್ಕೆ ಕೈ ಹಾಕಬೇಡ. ಅವರು ಹೇಗಿದ್ದಾರೆ ಅಂತ ಕೂಡಲೇ ಬರೆ. ಮರೆಯಬೇಡ.

ಅಕ್ಕ

ಜೂನ್ 15

ಪ್ರೀತಿಯ ಅಕ್ಕನಿಗೆ,

ತಡವಾಯಿತು, ಮನ್ನಿಸು. ನಿನ್ನ ಸಂಕೋಚ ನನಗೆ ಅರ್ಥವಾಗುತ್ತದೆ. ಚಿಕ್ಕಂದಿನಿಂದಲೂ ಹೊಗಳಿದರೆ ಸಿಡುಕುವವಳು ನೀನು. ಆದರೆ ಇದು ನಾಲ್ಕು ಜನಕ್ಕೆ ಉಪಕಾರವಾಗುವ ವಿಷಯ, ಫೈಲು ಅಲ್ಲೇ ಇದೆ.

ಟೈಲರಮ್ಮ ಆಸ್ಪತ್ರೆಯ ಮಾತ್ರೆ ನಿಲ್ಲಿಸಿ ಏಳು ವಾರವಾಯಿತು. ನಾನು ಒತ್ತಾಯ ಮಾಡಲಿಲ್ಲ. "ಅಕ್ಕ ಬಿಟ್ಟರಲ್ಲ, ನಾನೂ ಬಿಡ್ತೀನಿ" ಅಂತ ಅವರೇ ನಿರ್ಧರಿಸಿದರು. ಈಗ ಸ್ವಲ್ಪ ಊತ ಇದೆ. ಉಲ್ಬಣ ಚೆನ್ನಾಗಿಯೇ ಆಗುತ್ತಿದೆ, ಅಂದರೆ ಮದ್ದು ಹತ್ತಿದೆ. ಆದರೆ ನಿನಗೆ ಹನ್ನೆರಡು ದಿನದಲ್ಲಿ ಇಳಿದದ್ದು ಅವರಿಗೆ ಐದು ವಾರವಾದರೂ ಇಳಿದಿಲ್ಲ. ಅವರು ಧೈರ್ಯಗೆಡುತ್ತಿದ್ದಾರೆ. ಮನೆಯವರು ಆಸ್ಪತ್ರೆಗೆ ಹೋಗೆಂದು ಗಲಾಟೆ ಮಾಡುತ್ತಿದ್ದಾರಂತೆ. ಈ ಹಂತದಲ್ಲಿ ಬಿಟ್ಟರೆ ಇಷ್ಟು ದಿನ ತಡೆದುಕೊಂಡದ್ದೆಲ್ಲ ವ್ಯರ್ಥವಾಗುತ್ತದೆ.

ಅದಕ್ಕೇ ಒಂದು ಕೋರಿಕೆ. ಅವರಿಗಾಗಿ ನಾಲ್ಕು ಸಾಲು ಬರೆದು ಕಳಿಸು. ಆ ಹನ್ನೆರಡು ದಿನ ನೀನು ಹೇಗೆ ತಡೆದುಕೊಂಡೆ, ಆಮೇಲೆ ಹೇಗೆ ಇಳಿಯಿತು ಅಂತ. ನನ್ನ ಮಾತಿಗಿಂತ ನಿನ್ನ ಮಾತನ್ನು ಅವರು ಹೆಚ್ಚು ನಂಬುತ್ತಾರೆ.

ನಿನ್ನ ತಮ್ಮ

ಜೂನ್ 18

ಟೈಲರಮ್ಮನವರೇ,

ಈ ಕಾಗದವನ್ನು ನನ್ನ ತಮ್ಮ ಒಳಗೆ ಒಯ್ದು ಒಬ್ಬನೇ ಓದಿಕೊಳ್ಳುವ ಮೊದಲು ನೀವು ಅವನ ಕೈಯಿಂದ ಕಿತ್ತುಕೊಂಡು ಓದಿ. ಅದಕ್ಕೇ ಲಕೋಟೆಯ ಮೇಲೆ "ಬೆಂಚಿನವರಿಗೆ" ಅಂತ ದೊಡ್ಡದಾಗಿ ಬರೆದಿದ್ದೇನೆ. ಜೋರಾಗಿ ಓದಿ. ಅಲ್ಲಿರುವ ಎಲ್ಲರಿಗೂ ಕೇಳಲಿ.

ನಾನು ಆಸ್ಪತ್ರೆಯ ಮಾತ್ರೆಯನ್ನು ಒಂದು ವಾರವೂ ಬಿಟ್ಟಿಲ್ಲ.

ಹನ್ನೆರಡು ದಿನದ ಉಲ್ಬಣ ಎಂಬುದು ನಡೆಯಲೇ ಇಲ್ಲ. ಬಲಗೈ ತೋರುಬೆರಳೂ ಸುಳ್ಳು. ನನ್ನ ತಮ್ಮ ಬಯಸಿದ ಉತ್ತರ ಏನೆಂದು ಅವನ ಪ್ರಶ್ನೆಯಲ್ಲೇ ಇತ್ತು, ಅದನ್ನೇ ತಿರುಗಿಸಿ ಬರೆದೆ. ಹನ್ನೆರಡು ಅಂತ ಯಾಕೆ ಬರೆದೆನೋ ನನಗೇ ಗೊತ್ತಿಲ್ಲ. ಹತ್ತು ಅಂದರೆ ಕಟ್ಟಿದ ಮಾತಿನ ಹಾಗೆ ಕಾಣಬಹುದು ಅನ್ನಿಸಿರಬೇಕು. ನೋಡಿ, ಸುಳ್ಳು ಹೇಳುವುದರಲ್ಲೂ ಅಚ್ಚುಕಟ್ಟು!

ನಿಮ್ಮನ್ನು ನಾನು ನೋಡಿಲ್ಲ. ಆದರೆ ನನ್ನ ಆ ಒಂದು ಸಾಲನ್ನು ಹಿಡಿದುಕೊಂಡು ನೀವು ಐದು ವಾರ ನೋವು ತಿಂದಿದ್ದೀರಿ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ. ಕೇಳಿಕೊಳ್ಳುವುದು ಇಷ್ಟೇ, ಓದಿ ಮುಗಿಸಿದ ಕೂಡಲೇ ಆಸ್ಪತ್ರೆಗೆ ಹೋಗಿ. ನಾಳೆ ಅಲ್ಲ, ಇವತ್ತೇ. ನನ್ನ ಡಾಕ್ಟರಮ್ಮ ಫೆಬ್ರವರಿಯಲ್ಲಿ ಒಂದು ಹಾಳೆಯ ಮೇಲೆ ಕೀಲಿನ ಚಿತ್ರ ಬರೆದು ತೋರಿಸಿದರು. ಊತ ಇಳಿಸಬಹುದಂತೆ, ಆದರೆ ಊತ ಹಾಗೇ ಬಿಟ್ಟು ಒಳಗೆ ಮೂಳೆ ಸವೆದರೆ ಅದು ಮತ್ತೆ ಬೆಳೆಯುವುದಿಲ್ಲವಂತೆ. ಆ ಚಿತ್ರ ನೋಡಿಯೇ ನಾನು ಮಾತ್ರೆ ಬಿಡಲಿಲ್ಲ. ನಿಮಗೂ ಅದನ್ನು ತೋರಿಸುವವರು ಯಾರಾದರೂ ಇರಬೇಕಿತ್ತು. ನಿಮಗೆ ಸಿಕ್ಕಿದ್ದು ನನ್ನ ಕಾಗದ.

ಇನ್ನು ತಮ್ಮಾ, ನಿನಗೆ. ಎಲ್ಲರೂ ಕೇಳಲಿ, ನನಗೇನೂ ನಾಚಿಕೆಯಿಲ್ಲ, ಇದ್ದದ್ದೆಲ್ಲ ಈಗಾಗಲೇ ಹೋಗಿದೆ.

ನಾನು ಯಾಕೆ ಸುಳ್ಳು ಬರೆದೆ ಗೊತ್ತಾ? ನಾಲ್ಕು ವರ್ಷದ ಮೇಲೆ ಸಿಕ್ಕ ತಮ್ಮ ಮತ್ತೆ ಮುನಿಸಿಕೊಂಡು ಹೋಗಬಾರದೆಂದು. ಒಂದು ಸಣ್ಣ ಸುಳ್ಳಿನಿಂದ ಅವನಿಗೆ ಸಂತೋಷವಾದರೆ ಯಾರ ಗಂಟು ಹೋಗುತ್ತದೆ ಅಂದುಕೊಂಡೆ. ಹೋಯಿತು ನೋಡು, ಯಾರದೆಂದು!

ನನ್ನ ತಪ್ಪು ನನ್ನದು. ಆದರೆ ನಿನ್ನನ್ನೂ ಬಿಡುವುದಿಲ್ಲ. ಒಬ್ಬಳ ಒಂದು ಕಾಗದ ನಿನಗೆ ಸಾಕ್ಷಿಯೇ? ಮೇ ತಿಂಗಳಲ್ಲಿ ಅವರ ಮಾತ್ರೆಗೆ ಕೈ ಹಾಕಬೇಡ ಅಂತ ಬರೆದರೆ ಅದು ನಿನಗೆ ಸಂಕೋಚವಾಗಿ ಕಂಡಿತು! ಗುಣವಾದರೆ ಮದ್ದು ಹತ್ತಿತು, ಹೆಚ್ಚಾದರೂ ಮದ್ದು ಹತ್ತಿತು. ಹಾಗಾದರೆ ನಿನ್ನ ಮದ್ದು ಹತ್ತಲಿಲ್ಲ ಅಂತ ಗೊತ್ತಾಗುವುದು ಯಾವಾಗಪ್ಪಾ? ರೋಗಿಯ ಕೈ ಮುರುಟಿದ ಮೇಲೋ? "ಉಲ್ಬಣ ಚೆನ್ನಾಗಿಯೇ ಆಗುತ್ತಿದೆ" ಅಂತ ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು? ಚೆನ್ನಾಗಿ ಅಂತೆ, ಚೆನ್ನಾಗಿ!

ನೀನು ಒಬ್ಬ ರೋಗಿಯ ಮಾತನ್ನು ಒಂದು ಗಂಟೆ ಕೇಳುತ್ತೀಯ. ಅದಕ್ಕೇ ಜನ ಬರುತ್ತಾರೆ. ಆಸ್ಪತ್ರೆಯವರು ಅದರಲ್ಲಿ ಕಾಲು ಭಾಗ ಕೇಳಿದ್ದರೆ ಈ ಬೆಂಚು ಖಾಲಿ ಇರುತ್ತಿತ್ತು, ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ಒಂದು ಗಂಟೆ ಕೇಳಿ ಕೊನೆಗೆ ಮಾಡಿದ್ದೇನು? ಅವರ ನೋವನ್ನು ನಿನ್ನ ಗೆಲುವು ಅಂತ ಎಣಿಸಿಕೊಂಡೆ.

ಟೈಲರಮ್ಮನವರೇ, ಓದಿದ್ದಾಯಿತಾ? ಎದ್ದು ಹೊರಡಿ.

ಅಕ್ಕ

ಜುಲೈ 2

ತಮ್ಮಾ,

ಎರಡು ವಾರವಾಯಿತು. ಅವರು ಆಸ್ಪತ್ರೆಗೆ ಹೋದರೋ ಇಲ್ಲವೋ, ಅಷ್ಟು ಬರೆ ಸಾಕು. ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈ.

ಅಕ್ಕ

ಜುಲೈ 13

ಅಕ್ಕ,

ಏನು ಬರೆಯಲಿ? ನಾಲ್ಕು ವರ್ಷದ ಹಿಂದೆ ಹತ್ತು ಜನರ ಮುಂದೆ ಮರ್ಯಾದೆ ತೆಗೆದೆ. ಈ ಸಲ ನನ್ನದೇ ಕ್ಲಿನಿಕ್ಕಿನಲ್ಲಿ, ನನ್ನದೇ ರೋಗಿಗಳ ಮುಂದೆ. ಲಕೋಟೆಯ ಮೇಲಿನ ಅಕ್ಷರ ನೋಡಿ ಹಿಗ್ಗಿನಿಂದ ನಾನೇ ಅವರ ಕೈಗೆ ಕೊಟ್ಟೆ. ಕಿತ್ತುಕೊಳ್ಳುವ ಕೆಲಸವೇ ಬರಲಿಲ್ಲ.

ಅವರು ನಿಂತುಕೊಂಡು ಓದಿದರು. ನೀನು ಮಾತ್ರೆ ಬಿಟ್ಟಿಲ್ಲ ಎಂಬ ಸಾಲಿಗೆ ಬಂದಾಗ ಧ್ವನಿ ಸಣ್ಣದಾಯಿತು. "ಜೋರಾಗಿ ಓದಿ ಅಂತ ಬರೆದಿದ್ದಾರೆ" ಅಂತ ತಮಗೆ ತಾವೇ ಹೇಳಿಕೊಂಡು ಮತ್ತೆ ಮೊದಲಿನಿಂದ ಓದಿದರು. ಕೊನೆಯವರೆಗೆ ಒಂದು ಅಕ್ಷರ ಬಿಡಲಿಲ್ಲ. ಆಮೇಲೆ ಕಾಗದವನ್ನು ನನ್ನ ಕಡೆ ಚಾಚಿ, "ಮಡಿಸೋಕೆ ಬರ್ತಿಲ್ಲ ಡಾಕ್ಟ್ರೇ, ನೀವೇ ಮಡಿಸಿಕೊಡಿ" ಅಂದರು.

ನಿನಗೆ ಸ್ವಲ್ಪ ಊತ ಎಂದು ಬರೆದಿದ್ದೆ. ಅದು ಸ್ವಲ್ಪ ಆಗಿರಲಿಲ್ಲ. ಮೇ ಕೊನೆಗೇ ಅವರಿಗೆ ಲೋಟ ಹಿಡಿಯಲು ಆಗುತ್ತಿರಲಿಲ್ಲ, ಮಗಳು ತಲೆ ಬಾಚುತ್ತಿದ್ದಳು. ಅದನ್ನು ಬರೆದರೆ ನೀನು ಹೆದರಿ ನಾನು ಕೇಳಿದ ನಾಲ್ಕು ಸಾಲು ಬರೆಯುವುದಿಲ್ಲ ಎಂದುಕೊಂಡೆ.

ಅವತ್ತೇ ಆಸ್ಪತ್ರೆಗೆ ಹೋದರು. ಮಾತ್ರೆ ಮತ್ತೆ ಶುರುವಾಗಿದೆ, ಊತ ಇಳಿಯುತ್ತಿದೆ. ಬಲಗೈಯ ಎರಡು ಬೆರಳಿನ ಕೀಲು ಕೆಟ್ಟಿದೆ ಎಂದಿದ್ದಾರೆ. ಅವು ಇನ್ನು ನೆಟ್ಟಗಾಗುವುದಿಲ್ಲ. ಅವರಿಗೆ ಕತ್ತರಿ ಹಿಡಿಯಲು ಆಗುವುದಿಲ್ಲ.

ಬೆಂಚಿಗೆ ಈಗ ಒಬ್ಬಿಬ್ಬರು ಬರುತ್ತಾರೆ. ಫೈಲನ್ನು ಒಳಗಿಟ್ಟಿದ್ದೇನೆ.

ಆದರೂ ಒಂದು ಮಾತು ಕೇಳಲೇಬೇಕು, ನನಗೆ ಬೇರೆ ದಾರಿಯಿಲ್ಲ. ನೀನು ಆಸ್ಪತ್ರೆಯ ಮಾತ್ರೆ ಬಿಡಲಿಲ್ಲ, ಒಪ್ಪಿದೆ. ಆದರೆ ನನ್ನ ಗುಳಿಗೆಯನ್ನೂ ಮೂರು ತಿಂಗಳು ತೆಗೆದುಕೊಂಡೆಯಲ್ಲ? ಗುಣ ಮಾಡಿದ್ದು ಯಾವುದು ಅಂತ ನೀನು ಹೇಗೆ ಹೇಳುತ್ತೀ? ಅಷ್ಟು ಮಟ್ಟಿಗೆ ನನ್ನ ಮದ್ದೂ ಕೆಲಸ ಮಾಡಿರಬಹುದಲ್ಲ? ಹೊಸಬರು ಕೇಳಿದರೆ ಅಷ್ಟನ್ನಾದರೂ ಹೇಳಬಹುದಲ್ಲ?

ತಮ್ಮ

ಜುಲೈ 24

ತಮ್ಮಾ,

ನಿನ್ನ ಕಾಗದದ ಕೊನೆಯ ಪ್ಯಾರಾ ಓದಿ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಒಬ್ಬ ಹೆಂಗಸಿನ ಎರಡು ಬೆರಳು ಹೋಗಿವೆ. ನಿನಗೆ ಬೇಕಾದದ್ದು ನಿನ್ನ ಗುಳಿಗೆಗೆ ಎಷ್ಟು ಪಾಲು ಸಲ್ಲಬೇಕೆಂಬ ಲೆಕ್ಕ! ಹೊಸಬರಿಗೆ ಹೇಳುತ್ತಾನಂತೆ, ಇನ್ನೂ ಹೊಸಬರಿಗೆ! ಅವತ್ತೇ ರಜೆಯ ಅರ್ಜಿ ಬರೆದುಕೊಟ್ಟೆ. ಮೇಲ್ವಿಚಾರಕ ಯಾಕೆ ಅಂದ. "ಬೇರೆ ಕಡೆ ಒಂದು ರಿಪೇರಿ ಇದೆ" ಅಂದೆ.

ನಾನು ನಿಮ್ಮೂರಿಗೆ ಬಂದು ಮೂರು ದಿನವಾಯಿತು. ಬಸ್ ನಿಲ್ದಾಣದ ಹಿಂದಿನ ವಸತಿಗೃಹದಲ್ಲಿದ್ದೇನೆ. ನಿನ್ನ ಮನೆಗೆ ಬರಲಿಲ್ಲ, ಬರುವ ಮನಸ್ಸೂ ಇರಲಿಲ್ಲ. ಮುಂದಿನ ರಸ್ತೆ ಅಂತ ನೀನೇ ಬರೆದಿದ್ದೆಯಲ್ಲ, ಟೈಲರಮ್ಮನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ.

ಯಾರೆಂದು ಹೇಳಿದೆ. ಅವರು ಮೇಲೆ ಕೆಳಗೆ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ತುಂಬ ಹೊತ್ತು ನನ್ನ ಕೈಯನ್ನೇ ನೋಡಿದರು. ಅವರ ಬಲಗೈ ಮಡಿಲಲ್ಲಿತ್ತು, ನಡುಬೆರಳು ಮತ್ತು ಉಂಗುರದ ಬೆರಳು ಕೆಳಕ್ಕೆ ಮುರುಟಿಕೊಂಡಿದ್ದವು. ಅಲ್ಲೇ ನಿಂತು ಅತ್ತುಬಿಟ್ಟೆ. ನೀನು ಕೇಳಿದ್ದೆಯಲ್ಲ, ಯಾರಾದರೂ ಸಮಾಧಾನ ಮಾಡಿದರೆ ಹೇಗನ್ನಿಸುತ್ತದೆಂದು. ಅವರು ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಅವರಿಗೇ ಮೊದಲು ಕೊಟ್ಟೆ. ಚೀಲದಿಂದ ನಿನ್ನ ಮೂರೂ ಬಾಟಲಿ ತೆಗೆದು ಹೊಲಿಗೆ ಯಂತ್ರದ ಪಕ್ಕ ಇಟ್ಟೆ. ಮುಚ್ಚಳಕ್ಕೆ ನೀನು ಸುತ್ತಿದ ಕಾಗದದ ಪಟ್ಟಿ ಹರಿದಿಲ್ಲ. ಎರಡೂ ಒಟ್ಟಿಗೆ ನಡೆಯುವುದಿಲ್ಲ, ಒಂದನ್ನು ಆರಿಸಿಕೊ ಅಂತ ನೀನೇ ಬರೆದಿದ್ದೆ. ನಾನು ಆಸ್ಪತ್ರೆಯದನ್ನು ಆರಿಸಿಕೊಂಡೆ. ನಿನ್ನದನ್ನು ನಾಲಿಗೆಗೆ ತಾಗಿಸಿಯೂ ನೋಡಲಿಲ್ಲ. ಜೂನ್ ಕಾಗದದಲ್ಲಿ ಇಷ್ಟನ್ನು ಬರೆಯದೆ ಬಿಟ್ಟಿದ್ದೆ. ಎಲ್ಲ ಕಿತ್ತುಕೊಂಡ ಮೇಲೆ ನಿನ್ನ ಮಾನಕ್ಕೆ ಒಂದು ಎಳೆಯಾದರೂ ಇರಲಿ ಎಂಬ ಮರುಕ. ನಾನು ಉಳಿಸಿದ ಎಳೆಯನ್ನು ಹಿಡಿದುಕೊಂಡು ನೀನು ಮತ್ತೆ ಬೆಂಚು ತುಂಬಿಸಲು ಹೊರಟೆ. ಇನ್ನು ನಿನ್ನ ಮೇಲೆ ಮರುಕ ಪಡುವ ತಪ್ಪನ್ನು ನಾನು ಮಾಡುವುದಿಲ್ಲ.

ಟೈಲರಮ್ಮ ಎಡಗೈಯಿಂದ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ನೀವು ಒಂದೂ ತಿನ್ನಲಿಲ್ವಾ?" ಅಂದರು.

"ಇಲ್ಲ."

"ನಾನು ಒಂದು ಹೊತ್ತೂ ತಪ್ಪಿಸಲಿಲ್ಲ."

ಇಷ್ಟೇ ಅಂದದ್ದು. ಕೂಗಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ಮೂರು ದಿನದಿಂದ ಕಿವಿಯಿಂದ ಹೋಗುತ್ತಿಲ್ಲ. ನಿನಗೂ ಕೇಳಲಿ ಅಂತ ಬರೆದಿದ್ದೇನೆ.

ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಅವರು ತಡೆದರು. "ಆ ಮಾತು ಈಗ ಬೇಡ. ಶಾಲೆಯವರ ನಲವತ್ತು ಅಂಗಿ ಒಪ್ಪಿಕೊಂಡು ಕೂತಿದ್ದೀನಿ, ಸೋಮವಾರ ಕೊಡಬೇಕು. ಕೊಡದಿದ್ರೆ ಇನ್ನೊಂದು ಸಲ ಈ ಅಂಗಡಿಗೆ ಯಾರೂ ಬರಲ್ಲ. ನಿಮ್ಮ ಕೈ ನೆಟ್ಟಗಿದೆಯಲ್ಲ, ಕತ್ತರಿ ಹಿಡೀರಿ" ಅಂದರು.

ಹಿಡಿದೆ. ಅವರು ಎಡಗೈಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ, ನಾನು ಕತ್ತರಿಸುತ್ತೇನೆ. ಯಂತ್ರದ ಹೊಲಿಗೆ ಅವರ ಮಗಳದು. ಮೊದಲ ದಿನ ಎರಡು ತೋಳು ಹಾಳುಮಾಡಿದೆ, ಚೆನ್ನಾಗಿ ಬೈಸಿಕೊಂಡೆ. ಬಟ್ಟೆ ರಟ್ಟಿನ ಹಾಗೆ ಹೇಳಿದ ಮಾತು ಕೇಳುವುದಿಲ್ಲ. ಈಗ ಇಪ್ಪತ್ತಾರು ಅಂಗಿ ಆಗಿವೆ. ಇವು ಮುಗಿದ ಮೇಲೆ ಏನು ಅಂತ ಅವರೂ ಹೇಳಿಲ್ಲ, ನಾನೂ ಕೇಳಿಲ್ಲ. ನನ್ನ ರಜೆ ಮುಗಿದ ಮೇಲೆ ಈ ಕತ್ತರಿ ಯಾರು ಹಿಡಿಯುತ್ತಾರೆ ಎಂದು ನೆನೆದರೆ ಊಟ ಸೇರುವುದಿಲ್ಲ.

ಈ ಕಾಗದವನ್ನು ನಿನ್ನ ಕ್ಲಿನಿಕ್ಕಿನ ಬಾಗಿಲ ಕೆಳಗೆ ತೂರಿಸಿ ಹೋಗುತ್ತಿದ್ದೇನೆ. ಓದಿ ನನಗೆ ಉತ್ತರ ಬರೆಯಬೇಡ. ನಾಳೆ ಬೆಳಿಗ್ಗೆ ಎಂಟಕ್ಕೆ ಅಂಗಡಿಗೆ ಬಾ. ನಿನ್ನನ್ನು ಕರೆಯಲಾ ಅಂತ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ಗುಂಡಿಯ ಡಬ್ಬ ನನ್ನ ಕಡೆ ತಳ್ಳಿದರು. ಒಂದೊಂದು ಅಂಗಿಗೆ ಏಳು ಗುಂಡಿ, ಎಲ್ಲವನ್ನೂ ಕೈಯಲ್ಲೇ ಹೊಲಿಯಬೇಕು.

"ಬರಲಿ" ಅಂದರು, "ಹತ್ತು ಬೆರಳೂ ನೆಟ್ಟಗಿರೋರು ಯಾರು ಬೇಕಾದ್ರೂ ಮಾಡಬಹುದು."

ಅಕ್ಕ